ಕಾಲೇಜಿನ ಸಭಾಂಗಣಕ್ಕೆ ಹೊರಗಿನವರು ಬಂದಾಗ

ತಾಲ್ಲೂಕು, ಜಿಲ್ಲಾ ಕೇಂದ್ರಗಳಿಂದ ಸುದ್ದಿ ಕಳಿಸುವ ನಮ್ಮಂಥವರ ಕೈಗೆ ವರ್ಷಕ್ಕೆ ಎಷ್ಟು ಆಹ್ವಾನ ಪತ್ರಿಕೆಗಳು ಬರುತ್ತವೋ ಲೆಕ್ಕವಿಲ್ಲ. ‘ಒಂದು ದಿನದ ವಿಚಾರ ಸಂಕಿರಣ’ ಎಂಬ ತಲೆಬರಹ, ಮೇಲೆ ಕಾಲೇಜಿನ ಹೆಸರು, ಅದರ ಕೆಳಗೆ ‘ಇವರ ಸಹಯೋಗದಲ್ಲಿ’ ಎಂದು ಯಾವುದೋ ಸಾಂಸ್ಕೃತಿಕ ಸಂಘದ ಹೆಸರು. ಆ ಸಂಘ ಅಲ್ಲಿ ಯಾಕಿದೆ ಎಂದು ಈಗ ಯಾರೂ ಕೇಳುವುದಿಲ್ಲ. ಆದರೆ ಹಿಂದೆ ಹೋಗಿ ನೋಡಿದರೆ, ಕಾಲೇಜು ತಾನಾಗಿ ಎತ್ತದ ವಿಷಯವನ್ನು ಕಾಲೇಜಿನವರ ಮುಂದೆ ಇಟ್ಟವರು ಬಹುಪಾಲು ಇಂಥ ಹೊರಗಿನವರೇ.

ಧಾರವಾಡದಿಂದ ಶುರು ಮಾಡೋಣ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಊರಿನಲ್ಲಿ ಕಾಲೇಜೇ ಇರಲಿಲ್ಲ. ಓದಬೇಕೆಂದವರು ಪುಣೆಗೋ ಮುಂಬಯಿಗೋ ರೈಲು ಹತ್ತಬೇಕಿತ್ತು. ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೆ ಆರು ವರ್ಷ ಮುಂಚೆಯೇ, 1911ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ಇದೇ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. ಇಂಗ್ಲಿಷ್ ಪಾಠ ಹೇಳುವ ಮೇಷ್ಟರು ಮೈಸೂರು ಸೀಮೆಯಿಂದ ಬಂದು, ಇನ್ನೊಂದು ಪ್ರಾಂತ್ಯದ ಜನರೆದುರು ಕನ್ನಡದ ಮುಂದಿನ ದಾರಿಯ ಬಗ್ಗೆ ಮಾತಾಡಿದ್ದು ಇದು. ಕಾಲೇಜು ಇಲ್ಲದ ಊರಿನಲ್ಲಿ ಕಾಲೇಜಿನ ಕೆಲಸವನ್ನು ಸಂಘ ಮಾಡಿತ್ತು ಎಂದೇ ನಾವು ಇದನ್ನು ಓದುತ್ತೇವೆ.

ಬೆಂಗಳೂರಿನ ಕಥೆ ಬೇರೆ. ಅಲ್ಲಿ ಸೆಂಟ್ರಲ್ ಕಾಲೇಜು ಇತ್ತು, ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಎ.ಆರ್. ಕೃಷ್ಣಶಾಸ್ತ್ರಿಗಳು ಮತ್ತು ಅವರ ಜೊತೆಗಾರರು ಕಾಲೇಜಿನೊಳಗೇ ಕರ್ನಾಟಕ ಸಂಘ ಕಟ್ಟಿದರು. ಅದು ಪಠ್ಯದ ಭಾಗವಲ್ಲ, ಹಾಜರಿಯ ಲೆಕ್ಕಕ್ಕೂ ಬರುವಂಥದ್ದಲ್ಲ. ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟದ್ದು ಆ ಸಂಘದಿಂದ. ಮುಂದೆ ಮೈಸೂರು ವಿಶ್ವವಿದ್ಯಾಲಯವೇ ಅದನ್ನು ಕೈಗೆತ್ತಿಕೊಂಡಿತು. ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳೂ ಇದೇ ಹಾದಿಯವು: ಪ್ರಾಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುವುದು, ಆ ಮಾತನ್ನು ಸಣ್ಣ ಪುಸ್ತಕವಾಗಿ ಅಗ್ಗಕ್ಕೆ ಕೊಡುವುದು. ಹಳೆಯ ಗ್ರಂಥಾಲಯಗಳಲ್ಲಿ ಆ ತೆಳು ಪುಸ್ತಕಗಳು ಈಗಲೂ ಸಿಗುತ್ತವೆ. ಸಿಕ್ಕರೆ ಬಿಡಬೇಡಿ.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಸುಖವಾದ ಕಥೆ. ಆದರೆ ಸಂಕಿರಣ ಎಂದರೆ ಶಾಲು, ಹಾರ, ವಂದನಾರ್ಪಣೆ ಎಂದುಕೊಂಡವರು 1973ರ ನವೆಂಬರನ್ನು ನೆನಪಿಡಬೇಕು. ಮೈಸೂರಿನಲ್ಲಿ ನಡೆದ ಒಂದು ವಿಚಾರ ಸಂಕಿರಣದಲ್ಲಿ ಆಗಿನ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂಬರ್ಥದ ಮಾತಾಡಿದರು. ದನಕ್ಕೆ ಹಾಕುವ ಬೂಸಾ. ಊರೂರಲ್ಲಿ ಪ್ರತಿಭಟನೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಿಂದ ಹೊರಬರಬೇಕಾಯಿತು. ಆ ಹೊಡೆತ ತಿಂದ ಹಾಸ್ಟೆಲ್ ಹುಡುಗರ ನಡುವಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆದದ್ದು. ಒಂದು ಸಭೆಯ ಒಂದು ಮಾತು ರಾಜ್ಯದ ರಾಜಕಾರಣವನ್ನೇ ಅಲ್ಲಾಡಿಸಿತು.

ಆರು ವರ್ಷದ ನಂತರ ಇನ್ನೊಂದು ಸಂಗತಿ. 1979ರ ಸಾಹಿತ್ಯ ಸಮ್ಮೇಳನ ಧರ್ಮಸ್ಥಳದಲ್ಲಿ, ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ. ಅಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದವರಿಗೆ ಗೋಷ್ಠಿ ಸಿಗಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಸಮ್ಮೇಳನ ನಡೆಯಿತು. ಕೇಳಿದ್ದು ಒಂದೇ ಒಂದು ಗೋಷ್ಠಿ, ನೆನಪಿರಲಿ. ಒಂದೆರಡು ಗಂಟೆಯ ವೇದಿಕೆ ಎಷ್ಟು ಬೆಲೆಯದು ಎಂಬುದು ಕೊಡದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

ಅದೇ 1979ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಚಲನಚಿತ್ರ ರಸಗ್ರಹಣ ಶಿಬಿರ ಶುರು ಮಾಡಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಬಂದು ಪಾಠ ಮಾಡಿದರು. ಅಡಿಕೆ ತೋಟದ ಊರಿನ ಜನ ಸತ್ಯಜಿತ್ ರಾಯ್ ಸಿನಿಮಾ ನೋಡಿ ಚರ್ಚೆ ಮಾಡಬಲ್ಲರು ಎಂದು ಕೆ.ವಿ. ಸುಬ್ಬಣ್ಣನವರು ನಂಬಿದ್ದರು, ನಂಬಿದ್ದನ್ನು ಮಾಡಿ ತೋರಿಸಿದರು. ಮುಂದೆ ಅದು ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. ಕಾಲೇಜು ಮೇಷ್ಟರು, ವಿದ್ಯಾರ್ಥಿಗಳು ಜಿಲ್ಲೆ ಜಿಲ್ಲೆಗಳಿಂದ ಬಂದರು. ನೀನಾಸಮ್ ತಂಡ ಬೇರೆ ಊರುಗಳ ಕಾಲೇಜುಗಳಿಗೂ ಹೋಗಿ ಸಣ್ಣ ಶಿಬಿರಗಳನ್ನು ನಡೆಸಿತು. ನಮ್ಮ ಮಟ್ಟಿಗೆ ಅಲ್ಲಿನ ದೊಡ್ಡ ಪಾಠ ಸಿನಿಮಾದ್ದಲ್ಲ, ನಾಟಕದ್ದೂ ಅಲ್ಲ. ಉಪನ್ಯಾಸದ ನಂತರದ ಚರ್ಚೆಯನ್ನು ಉಪನ್ಯಾಸದಷ್ಟೇ ಗಂಭೀರವಾಗಿ ನಡೆಸುವುದು. ಭಾಷಣಕಾರರು ಎಷ್ಟೇ ದೊಡ್ಡವರಿರಲಿ, ಪ್ರಶ್ನೆಗೆ ಕೂರಲೇಬೇಕು.

ಈಗ ಕಾಲೇಜುಗಳಲ್ಲಿ ಸಂಕಿರಣಗಳಿಗೆ ಬರವಿಲ್ಲ. ನ್ಯಾಕ್ ಬಂದದ್ದು 1994ರಲ್ಲಿ. ಕಾಲೇಜು ನಡೆಸಿದ ಸಂಕಿರಣಗಳ ವಿವರವನ್ನು ಅದು ಕೇಳುತ್ತದೆ. ಯುಜಿಸಿಯ 2010ರ ನಿಯಮಾವಳಿ ಬಂದ ಮೇಲೆ ಅಧ್ಯಾಪಕರು ಮಂಡಿಸುವ ಪ್ರಬಂಧಕ್ಕೆ ಅಂಕವೂ ಸಿಕ್ಕಿತು. ಹಾಗಾಗಿ ಪ್ರಮಾಣಪತ್ರಕ್ಕಾಗಿ ಸಂಕಿರಣ, ಫೋಟೊಕ್ಕಾಗಿ ಸಂಘ. ವೇದಿಕೆಯ ಮೇಲೆ ಹನ್ನೊಂದು ಜನ, ಸ್ವಾಗತಕ್ಕೇ ಮುಕ್ಕಾಲು ಗಂಟೆ. ಮರುದಿನದ ಪತ್ರಿಕೆಯಲ್ಲಿ ಬರುವುದು ಉದ್ಘಾಟಕರ ಎರಡು ಸಾಲು, ದೀಪ ಹಚ್ಚುವ ಚಿತ್ರ. ಹಳೆಯ ಸಂಪುಟಗಳನ್ನು ತಿರುವಿದರೂ ಅಷ್ಟೇ: ಭಾಷಣ ಮಾಡಿದವರ ಹೆಸರು ಸಿಗುತ್ತದೆ, ಪ್ರಶ್ನೆ ಕೇಳಿದ ಹುಡುಗಿಯ ಹೆಸರು ಎಲ್ಲೂ ಸಿಗುವುದಿಲ್ಲ.

ಸಂಘದವರ ಕಷ್ಟವನ್ನೂ ಹೇಳಬೇಕು. ಪ್ರಾಂಶುಪಾಲರ ಒಪ್ಪಿಗೆಗೆ ಮೂರು ಸಲ ಓಡಾಟ. ಸೆಮಿಸ್ಟರಿನಲ್ಲಿ ಇಂಟರ್ನಲ್ ಪರೀಕ್ಷೆ, ಪ್ರಾಕ್ಟಿಕಲ್ ಬಿಟ್ಟು ಸಿಗುವ ದಿನ ಹುಡುಕುವುದು. ಮೈಕಿನವನ ಬಾಡಿಗೆ, ಉಪನ್ಯಾಸಕರ ಪ್ರಯಾಣದ ಖರ್ಚು ಜೇಬಿನಿಂದಲೇ. ವಿಷಯ ಸ್ವಲ್ಪ ಖಾರವಾಗಿದೆ ಅನ್ನಿಸಿದರೆ ‘ಮೇಲಿನವರನ್ನು ಕೇಳಿ ಹೇಳುತ್ತೇವೆ’ ಎಂಬ ಉತ್ತರ. ಆಮೇಲೆ ಫೋನು ಬರುವುದಿಲ್ಲ. ಎಲ್ಲ ದಾಟಿ ನಡೆದರೂ, ಸಂವಾದವನ್ನು ಮೂರೂವರೆಗೆ ಇಟ್ಟಿರುತ್ತಾರೆ. ಹಳ್ಳಿ ಕಡೆಯ ಬಸ್ಸು ಮೂರೂಮುಕ್ಕಾಲಿಗೆ.

ನಮ್ಮ ಭಾಗದ ಒಂದು ಪುಟ್ಟ ಬಳಗ ಇದಕ್ಕೊಂದು ಉಪಾಯ ಮಾಡಿದೆ. ಉದ್ಘಾಟನೆಯೇ ಇಲ್ಲ. ಹತ್ತು ಗಂಟೆಗೆ ಒಬ್ಬರೇ ಉಪನ್ಯಾಸಕರು, ನಲವತ್ತು ನಿಮಿಷ. ಆಮೇಲೆ ಊಟದವರೆಗೂ ಪ್ರಶ್ನೆ. ಎದ್ದು ಮಾತಾಡಲು ಅಂಜುವವರಿಗೆ ಚೀಟಿ ಹಂಚುತ್ತಾರೆ, ಹೆಸರು ಬರೆಯಬೇಕಿಲ್ಲ. ಹಿಂದಿನ ಬೆಂಚಿನಿಂದ ಬರುವ ಚೀಟಿಗಳೇ ಹೆಚ್ಚು. ಸಮಯ ಸಾಲದೆ ಉಳಿದ ಚೀಟಿಗಳನ್ನು ಒಂದು ಕವರಿಗೆ ಹಾಕಿ ಉಪನ್ಯಾಸಕರ ಕೈಗೇ ಕೊಡುತ್ತಾರೆ. ಉತ್ತರ ಬರೆದು ಕಳಿಸಿದರೆ ಅದು ಕಾಲೇಜಿನ ನೋಟೀಸು ಬೋರ್ಡಿಗೆ ಹೋಗುತ್ತದೆ.