ನಾನು ಬಂದ ಬಸ್ಸು: ಇಂಗ್ಲಿಷ್ ರಿಲೇಟಿವ್ ಕ್ಲಾಸಿನ ಅಧ್ಯಯನ ಸಾಗಿದ ದಾರಿ

'ನಾನು ಬಂದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು.' ಕನ್ನಡದ ಮಗು ಯಾರೂ ಕಲಿಸದೆಯೇ ಹೀಗೆ ಮಾತನಾಡುತ್ತದೆ. ಅದೇ ಮಗು ಹೈಸ್ಕೂಲಿಗೆ ಬಂದು ಇದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟಾಗ 'ದಿ ಬಸ್ ವಿಚ್ ಐ ಕೇಮ್' ಎನ್ನುತ್ತದೆ. ಕೊನೆಯಲ್ಲಿ ಇರಬೇಕಾದ 'ಇನ್' ಬಿಟ್ಟುಹೋಗುತ್ತದೆ. ಆ ಪುಟ್ಟ ಪದ ಎಲ್ಲಿಗೆ ಹೋಯಿತು? ನಾಮಪದವನ್ನು ಹೀಗೆ ವಿವರಿಸುವ ಉಪವಾಕ್ಯವಾದ ರಿಲೇಟಿವ್ ಕ್ಲಾಸನ್ನು ಕುರಿತು ಮುನ್ನೂರು ವರ್ಷಗಳಿಂದ ನಡೆದಿರುವ ಚಿಂತನೆಯಲ್ಲಿ ಇದಕ್ಕೆ ಉತ್ತರವಿದೆ. ಆದರೆ ಆ ಉತ್ತರ ನಮ್ಮ ತರಗತಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಮೊದಲು ಪದಗಳ ಕಥೆ. ಹಳೆಯ ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಹೀಗೆ ಬೆಸೆಯುತ್ತಿದ್ದುದು 'ಥೆ' ಎಂಬ ಅವ್ಯಯ ಮತ್ತು ಇಂದಿನ 'ದಟ್' ಹುಟ್ಟಿಬಂದ ದರ್ಶಕ ಸರ್ವನಾಮಗಳು. ಪ್ರಶ್ನೆ ಕೇಳಲು ಬಳಕೆಯಲ್ಲಿದ್ದ ವಿಚ್, ಹೂಮ್, ಹೂಸ್ ಮುಂದಿನ ಶತಮಾನಗಳಲ್ಲಿ ಈ ಕೆಲಸಕ್ಕೆ ಬಂದವು. ಕರ್ತೃಪದವಾಗಿ 'ಹೂ' ನೆಲೆನಿಂತದ್ದು ಎಲ್ಲಕ್ಕಿಂತ ತಡವಾಗಿ. 1611ರ ಬೈಬಲ್ ಅನುವಾದದ ಪ್ರಾರ್ಥನೆಯಲ್ಲಿ ಪರಲೋಕದ ತಂದೆಗೂ 'ವಿಚ್' ಎಂದೇ ಇದೆ. ಮನುಷ್ಯರಿಗೆ ಹೂ, ವಸ್ತುಗಳಿಗೆ ವಿಚ್ ಎಂಬ ಹಂಚಿಕೆ ಗಟ್ಟಿಯಾದದ್ದು ಆಮೇಲೆ.

ಹದಿನೆಂಟನೆಯ ಶತಮಾನ ಕಟ್ಟಳೆಗಳ ಕಾಲ. 1711ರಲ್ಲಿ ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆ ಒಂದು ಅರ್ಜಿಯನ್ನು ಪ್ರಕಟಿಸಿತು. ನಮ್ಮ ಜಾಗವನ್ನು 'ದಟ್' ಕಸಿದುಕೊಂಡಿದೆ ಎಂದು ಅದರಲ್ಲಿ ಹೂ ಮತ್ತು ವಿಚ್ ದೂರುತ್ತವೆ. ಚರಿತ್ರೆ ಹೇಳುವುದು ಇದಕ್ಕೆ ತಿರುಗುಮುರುಗು: ಆ ಜಾಗದಲ್ಲಿ ಮೊದಲಿದ್ದದ್ದೇ ದಟ್. 1762ರಲ್ಲಿ ರಾಬರ್ಟ್ ಲೌತ್, 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ವ್ಯಾಕರಣಗಳು ಸರಿ–ತಪ್ಪುಗಳನ್ನು ವಿಂಗಡಿಸಿಕೊಟ್ಟವು. 'ಇನ್', 'ವಿತ್' ಮುಂತಾದ ಪದಗಳು ವಾಕ್ಯದ ಕೊನೆಗೆ ಬರುವುದು ಆಡುಮಾತಿಗೆ ಒಪ್ಪುತ್ತದೆ, ಗಂಭೀರ ಬರವಣಿಗೆಯಲ್ಲಿ 'ಇನ್ ವಿಚ್' ಎಂದು ಮುಂದೆ ಬರುವುದೇ ಚೆಂದ ಎಂಬುದು ಲೌತ್ ಅಭಿಪ್ರಾಯ. ಅದೊಂದು ಅಭಿರುಚಿಯ ಮಾತು. ಮುಂದಿನವರ ಕೈಯಲ್ಲಿ ಅದು ನಿಷೇಧವಾಯಿತು.

1926ರಲ್ಲಿ ಹೆನ್ರಿ ಫೌಲರ್ ತಮ್ಮ ಪದಬಳಕೆಯ ಕೋಶದಲ್ಲಿ ಇನ್ನೊಂದು ಸಲಹೆ ಕೊಟ್ಟರು. ಯಾವುದೆಂದು ಗುರುತಿಸಿ ಹೇಳುವಾಗ ದಟ್, ಬರಿಯ ಹೆಚ್ಚಿನ ವಿವರ ಕೊಡುವಾಗ ವಿಚ್. ಹೆಚ್ಚಿನ ಲೇಖಕರು ಹಾಗೆ ಬರೆಯುತ್ತಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಆ ಒಪ್ಪಿಗೆ ಮರೆತುಹೋಗಿ ಸಲಹೆ ಮಾತ್ರ ನಿಯಮವಾಗಿ ಉಳಿಯಿತು.

ಅದೇ ಹೊತ್ತಿಗೆ ಡೆನ್ಮಾರ್ಕಿನ ಓಟೊ ಯೆಸ್ಪರ್ಸನ್ ಬೇರೆ ದಾರಿ ಹಿಡಿದಿದ್ದರು. ಹೇಗೆ ಬರೆಯಬೇಕು ಎಂಬುದನ್ನು ಬದಿಗಿಟ್ಟು, ಜನ ಹೇಗೆ ಬರೆದಿದ್ದಾರೆ ಎಂದು ಶತಮಾನಗಳ ಬರವಣಿಗೆಯಿಂದ ಉದಾಹರಣೆಗಳನ್ನು ಆಯ್ದು ಜೋಡಿಸಿದರು. 'ದಿ ಬಸ್ ಐ ಕೇಮ್ ಇನ್' ಎಂಬಂಥ, ನಡುವೆ ಬೆಸುಗೆಯ ಪದವೇ ಇಲ್ಲದ ರಚನೆಗೆ 'ಕಾಂಟ್ಯಾಕ್ಟ್ ಕ್ಲಾಸ್' ಎಂದು ಹೆಸರಿಟ್ಟರು. ಅದರಲ್ಲಿ ಯಾವ ಪದವೂ ಲೋಪವಾಗಿಲ್ಲ, ಅದು ತನ್ನಷ್ಟಕ್ಕೆ ಪೂರ್ಣವಾದ ರಚನೆ ಎಂಬುದು ಅವರ ವಾದ. ಇದೇ ದಾರಿಯಲ್ಲಿ ಬಂದ 1999ರ ಲಾಂಗ್‌ಮನ್ ವ್ಯಾಕರಣ ಕೋಟಿಗಟ್ಟಲೆ ಪದಗಳ ಪಠ್ಯಸಂಗ್ರಹವನ್ನು ಜಾಲಾಡಿತು. ಮಾತುಕತೆಯಲ್ಲಿ ದಟ್ ಅಥವಾ ಏನೂ ಇಲ್ಲದ ರೂಪ, ಶಾಸ್ತ್ರೀಯ ಗದ್ಯದಲ್ಲಿ ವಿಚ್ ಹೆಚ್ಚು ಎಂದು ಅದು ತೋರಿಸಿತು.

ನಮಗೆ ಹತ್ತಿರವಾಗುವುದು ಮೂರನೆಯ ದಾರಿ: ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು. ದ್ರಾವಿಡ ಭಾಷೆಗಳಲ್ಲಿ ಹೂ, ವಿಚ್‌ಗಳ ಕೆಲಸವನ್ನು 'ಬಂದ' ಎಂಬಂಥ ಕೃದಂತ ಮಾಡುತ್ತದೆ ಎಂದು ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೇ ಗಮನಿಸಿದ್ದರು. 1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಸುಮಾರು ಐವತ್ತು ಭಾಷೆಗಳನ್ನು ಹೋಲಿಸಿ ಒಂದು ಏಣಿಯನ್ನು ಕಂಡುಕೊಂಡರು. ಕರ್ತೃವನ್ನು ಹೀಗೆ ವಿವರಿಸುವುದು ಎಲ್ಲ ಭಾಷೆಗಳಿಗೂ ಸುಲಭ. ಕರ್ಮ, ಮಿಕ್ಕ ಕಾರಕಗಳು, ಷಷ್ಠಿ ಎಂದು ಕೆಳಗಿಳಿದಂತೆ ಕಷ್ಟ ಹೆಚ್ಚುತ್ತದೆ.

ಇದಕ್ಕೂ ಮೊದಲು, 1974ರಲ್ಲಿ, ಜಾಕ್ವೆಲಿನ್ ಶಾಕ್ಟರ್ ಇಂಗ್ಲಿಷ್ ಕಲಿಯುವವರ ಪ್ರಬಂಧಗಳನ್ನು ಪರಿಶೀಲಿಸಿದ್ದರು. ಚೀನೀ ಮತ್ತು ಜಪಾನಿ ವಿದ್ಯಾರ್ಥಿಗಳು ರಿಲೇಟಿವ್ ಕ್ಲಾಸಿನಲ್ಲಿ ಮಾಡಿದ ತಪ್ಪುಗಳು ಕಡಿಮೆ. ಕಾರಣ ಸರಳ: ಅವರು ಅದನ್ನು ಬಳಸಿದ್ದೇ ಕಡಿಮೆ. ಕನ್ನಡದಂತೆ ಅವರ ಭಾಷೆಗಳಲ್ಲೂ ವಿವರಣೆ ನಾಮಪದದ ಮುಂಚೆಯೇ ಬರುತ್ತದೆ. ಉತ್ತರಪತ್ರಿಕೆಯಲ್ಲಿ ತಪ್ಪು ಕಾಣದಿದ್ದರೆ ಮಗು ಕಲಿತಿದೆ ಎಂದುಕೊಳ್ಳುವ ಪ್ರತಿಯೊಬ್ಬ ಮೇಷ್ಟರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ನಮ್ಮ 'ಬಂದ' ಎಂಬ ರೂಪವನ್ನೇ ನೋಡಿ. ನಾನು ಬಂದ ಬಸ್ಸು, ನಾನು ಬಂದ ದಿನ, ನಾನು ಬಂದ ಕೆಲಸ, ನಾನು ಬಂದ ಊರು. ನಾಲ್ಕಕ್ಕೂ ಒಂದೇ ರೂಪ. ಬಿಡಿಸಿದರೆ ಬಸ್ಸಿನಲ್ಲಿ ಬಂದೆ, ಆ ದಿನ ಬಂದೆ, ಕೆಲಸಕ್ಕೆ ಬಂದೆ. ಊರಿನಿಂದಲೂ ಬಂದಿರಬಹುದು, ಊರಿಗೂ ಬಂದಿರಬಹುದು. ನಾಮಪದ ಕೃದಂತದ ಆಚೆಗೆ ಸರಿದ ಕೂಡಲೇ ಕನ್ನಡ ಅದರ ಹಳೆಯ ವಿಭಕ್ತಿಯನ್ನು ಕಳಚಿಟ್ಟು, ಸಂಬಂಧವನ್ನು ಕೇಳುವವರ ತಿಳಿವಳಿಕೆಗೆ ಬಿಡುತ್ತದೆ. ಇಂಗ್ಲಿಷ್ ಸಾಮಾನ್ಯವಾಗಿ ಹಾಗೆ ಬಿಡುವುದಿಲ್ಲ. ಇನ್, ಫಾರ್, ಫ್ರಮ್ ಎಂದು ಬಾಯಿಬಿಟ್ಟು ಹೇಳಿಸುತ್ತದೆ. 'ಮೈಸೂರಿನಲ್ಲಿರುವ ಅಣ್ಣ' ಎಂದಾಗ ಅಣ್ಣಂದಿರು ಎಷ್ಟು ಮಂದಿ ಎಂಬುದು ಕನ್ನಡದಲ್ಲಿ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಪವಿರಾಮ ಹಾಕಿದರೆ ಇರುವುದು ಒಬ್ಬನೇ ಅಣ್ಣ, ಬಿಟ್ಟರೆ ಹಲವರಲ್ಲಿ ಒಬ್ಬ. ದಟ್, ವಿಚ್‌ಗಳ ವಾದಕ್ಕಿಂತ ಈ ಅಲ್ಪವಿರಾಮ ನಮ್ಮ ಮಕ್ಕಳಿಗೆ ಹೆಚ್ಚು ಬೇಕಾದದ್ದು.

ಆದ್ದರಿಂದ 'ಇನ್' ಬಿಟ್ಟ ಮಗು ಅಜಾಗರೂಕತೆಯಿಂದ ತಪ್ಪು ಮಾಡಿಲ್ಲ, ಕನ್ನಡದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದೆ. ಕೆಂಪು ಗೆರೆ ಎಳೆಯುವ ಮುನ್ನ ಮೇಷ್ಟರು ಒಂದು ಪ್ರಶ್ನೆ ಕೇಳಲಿ: ಹೇಗೆ ಬಂದೆ? 'ಬಸ್ಸಿನಲ್ಲಿ' ಎಂದು ಮಗು ಥಟ್ಟನೆ ಹೇಳುತ್ತದೆ. ಬಿಟ್ಟುಹೋಗಿದ್ದ 'ಇನ್' ಆ 'ಅಲ್ಲಿ'ಯಲ್ಲೇ ಇದೆ.