‘ಈ ಸರ್ಟಿಫಿಕೇಟ್ ಇದ್ದರೆ ಕೆಲಸ ಗ್ಯಾರಂಟಿ’ ಎನ್ನುವ ಮೆಸೇಜ್ ನಿಜವೇ? ಐಟಿಗೆ ಹೊಸದಾಗಿ ಸೇರಿದವರು ಮುಂದೆ ಯಾವ ಪರೀಕ್ಷೆ ಬರೆಯಬೇಕು?

‘ಈ ಒಂದು ಸರ್ಟಿಫಿಕೇಟ್ ಮಾಡಿಕೊಳ್ಳಿ, ಸಂಬಳ ದುಪ್ಪಟ್ಟು, ಇಂದೇ ಕೊನೆಯ ದಿನ’ ಎಂಬ ಧಾಟಿಯ ಮೆಸೇಜ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಲೇ ಇರುತ್ತವೆ. ತುಮಕೂರಿನ ಎಸ್‌ಐಟಿ, ಗುಬ್ಬಿಯ ಸಿಐಟಿಯಂಥ ಕಾಲೇಜುಗಳಲ್ಲಿ ಓದಿ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ, ಕುಣಿಗಲ್‌ನಿಂದ ಬೆಳಗಿನ ಬಸ್ಸು ಹಿಡಿಯುವವರಿಗೆ ಇದು ದೊಡ್ಡ ಖರ್ಚಿನ ವಿಷಯ. ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಯ ಶುಲ್ಕವೇ 300 ಡಾಲರ್, ಅಂದರೆ 25 ಸಾವಿರ ರೂಪಾಯಿಗೂ ಮೇಲೆ. ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ಬರುವುದು ತಿಂಗಳಿಗೆ 3,000 ರೂಪಾಯಿ. ಎಂಟು ತಿಂಗಳು ಕೂಡಿಟ್ಟರೂ ಒಂದು ಪರೀಕ್ಷೆಗೆ ಸಾಲದು. ಫೇಲಾದರೆ ಮತ್ತೆ ಶುಲ್ಕ ಕಟ್ಟಬೇಕು.

ಹಾಗಾದರೆ ಗ್ಯಾರಂಟಿ ಮಾತು ನಿಜವೇ? ಇಲ್ಲ. ಯಾವ ಸರ್ಟಿಫಿಕೇಟೂ ಕೆಲಸ ಕೊಡಿಸುವುದಿಲ್ಲ. ಹೆಚ್ಚೆಂದರೆ ನಿಮ್ಮ ರೆಸ್ಯೂಮೆ ಇಂಟರ್‌ವ್ಯೂವರೆಗೆ ಹೋಗಲು ನೆರವಾಗಬಹುದು.

ಇನ್ನೊಂದು ಗೊಂದಲವೂ ಇದೆ. ಆನ್‌ಲೈನ್ ವಿಡಿಯೊ ಪಾಠ ಮುಗಿಸಿದರೆ ಸಿಗುವ ಕಾಗದ ಬೇರೆ, ನಿಗಾದಲ್ಲಿ ಕೂತು ಪರೀಕ್ಷೆ ಪಾಸು ಮಾಡಿ ಪಡೆಯುವ ಸರ್ಟಿಫಿಕೇಷನ್ ಬೇರೆ. ಮೊದಲನೆಯದು ‘ಇವರು ಪಾಠ ಕೇಳಿದ್ದಾರೆ’ ಎನ್ನುತ್ತದೆ, ಅಷ್ಟೇ. ಐಐಟಿ ಮತ್ತು ಐಐಎಸ್‌ಸಿಗಳು ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಕಲಿಯುವುದೇ ಗುರಿಯಾದರೆ ಮೊದಲು ಇಂಥ ಉಚಿತ ಪಾಠಗಳನ್ನು ಮುಗಿಸಿ ಎಂದೇ ನಾವು ಹೇಳುತ್ತೇವೆ.

ಯೂಟ್ಯೂಬ್ ಹೇಳುವ ಪಟ್ಟಿ ನಮಗೆ ಹೊಂದುತ್ತದೆಯೇ?

ಕಾಂಪ್ಟಿಯಾ ಸಂಸ್ಥೆಯ ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್ ಎಂಬ ಮೂರು ಹೆಸರು ಅಮೆರಿಕದ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕೇಳಿಸುತ್ತವೆ. ಇದಕ್ಕೆ ಅಲ್ಲಿಯದೇ ಆದ ಕಾರಣವಿದೆ. ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈಬರ್ ಭದ್ರತೆಯ ಹುದ್ದೆಗಳಿಗೆ ಒಪ್ಪುವ ಅರ್ಹತೆಗಳಲ್ಲಿ ಸೆಕ್ಯುರಿಟಿ ಪ್ಲಸ್ ಕೂಡ ಒಂದು. ಇಲಾಖೆಯ ಗುತ್ತಿಗೆ ಕಂಪನಿಗಳೂ ಅದನ್ನು ಕೇಳುತ್ತವೆ. ಬೆಂಗಳೂರಿನ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ನೆಟ್‌ವರ್ಕ್ ಪ್ಲಸ್ ಮತ್ತು ಸಿಸಿಎನ್‌ಎ ಪಾಠಗಳೂ ಬಹಳಷ್ಟು ಒಂದರ ಮೇಲೊಂದು ಬರುತ್ತವೆ. ಎರಡಕ್ಕೂ ದುಡ್ಡು ಕಟ್ಟುವುದು ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ.

ಆಯ್ಕೆಗೆ ಒಂದು ಸರಳ ದಾರಿ ಇದೆ. ಇನ್ನೆರಡು ವರ್ಷದಲ್ಲಿ ನಿಮಗೆ ಬೇಕಾದ ಹುದ್ದೆಯ ಹೆಸರನ್ನು ಉದ್ಯೋಗ ಜಾಲತಾಣದಲ್ಲಿ ಹಾಕಿ, ಇಪ್ಪತ್ತು ಜಾಹೀರಾತು ಓದಿ. ಯಾವ ಸರ್ಟಿಫಿಕೇಷನ್ ಎಷ್ಟು ಸಲ ಬಂತು ಎಂದು ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಆಮೇಲೆ ಇವತ್ತಿನ ಕೆಲಸ ನೋಡಿ. ನಿಮ್ಮ ಕೈಗೆ ಬರುವ ದೂರುಗಳಲ್ಲಿ ಸ್ವಿಚ್, ರೂಟರ್ ಹೆಚ್ಚಿದ್ದರೆ ಸಿಸಿಎನ್‌ಎ. ಲಿನಕ್ಸ್ ಸರ್ವರ್ ಇದ್ದರೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ. ಕ್ಲೌಡ್ ಆದರೆ ನಿಮ್ಮ ಕಂಪನಿ ಬಳಸುವುದು ಅಮೆಜಾನೋ ಮೈಕ್ರೋಸಾಫ್ಟೋ ಎಂದು ಮೊದಲು ಕೇಳಿಕೊಳ್ಳಿ. ದಿನವೂ ಕೈಯಾಡಿಸುವ ವಿಷಯವಾದರೆ ಓದು ಅರ್ಧ ಮುಗಿದ ಹಾಗೆ. ಶುಲ್ಕವನ್ನು ಕಂಪನಿ ಕೊಡುತ್ತದೆಯೇ ಎಂದು ಮ್ಯಾನೇಜರ್‌ಗೆ ಒಂದು ಇಮೇಲ್ ಕಳಿಸುವುದನ್ನು ತುಂಬಾ ಜನ ಸಂಕೋಚದಿಂದ ಬಿಟ್ಟುಬಿಡುತ್ತಾರೆ!

ಅವಧಿಯನ್ನೂ ನೋಡಿ. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಎಂಸಿಎಸ್‌ಇಯನ್ನು ಮೈಕ್ರೋಸಾಫ್ಟ್ 2021ರ ಜನವರಿ 31ಕ್ಕೆ ನಿಲ್ಲಿಸಿದೆ. ಅಣ್ಣನ ಹಳೆಯ ಪುಸ್ತಕ ಹಿಡಿದು ಕೂತವರು ಇದನ್ನು ಗಮನಿಸಬೇಕು. ಸಿಸಿಎನ್‌ಎ, ಆರ್‌ಎಚ್‌ಸಿಎಸ್‌ಎ, ಅಮೆಜಾನ್ ಸರ್ಟಿಫಿಕೇಷನ್‌ಗಳಿಗೆ ಮೂರು ವರ್ಷ ಆಯಸ್ಸು. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಹಂತದವಕ್ಕೆ ಒಂದೇ ವರ್ಷ, ಆದರೆ ನವೀಕರಣ ಆನ್‌ಲೈನ್‌ನಲ್ಲಿ ಉಚಿತ. ಅಮೆಜಾನ್‌ನಲ್ಲಿ ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ಶುಲ್ಕ ರಿಯಾಯಿತಿ ಸಿಗುತ್ತದೆ.

ಇನ್ನು ‘ನೂರಕ್ಕೆ ನೂರು ಪಾಸ್’ ಎಂಬ ಪ್ರಶ್ನೆಪತ್ರಿಕೆ ಪಿಡಿಎಫ್‌ಗಳು. ಇವನ್ನು ಡಂಪ್ ಎನ್ನುತ್ತಾರೆ. ಪರೀಕ್ಷೆಗೆ ಮುನ್ನ ನೀವು ಒಪ್ಪುವ ಕರಾರಿಗೆ ಇದು ವಿರುದ್ಧ. ಸಿಕ್ಕಿಬಿದ್ದರೆ ಪಡೆದ ಸರ್ಟಿಫಿಕೇಷನ್ ರದ್ದಾಗಬಹುದು, ಮತ್ತೆ ಬರೆಯಲು ನಿಷೇಧವೂ ಬೀಳಬಹುದು. ಆರ್‌ಎಚ್‌ಸಿಎಸ್‌ಎಯಲ್ಲಂತೂ ಉತ್ತರಕ್ಕೆ ಟಿಕ್ ಹಾಕುವುದೇ ಇಲ್ಲ, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು.

ಹಲವು ಪರೀಕ್ಷೆಗಳನ್ನು ಮನೆಯಿಂದಲೂ ಬರೆಯಬಹುದು. ಕರೆಂಟ್ ಅಥವಾ ನೆಟ್ ಕೈಕೊಡುವ ಊರಾದರೆ ಆ ದಿನ ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬನ್ನಿ.