ಬೊಜ್ಜು ಮತ್ತು ಹೃದ್ರೋಗದ ಅಪಾಯಸೂಚಕಗಳು

ಬೊಜ್ಜುಳ್ಳವರಲ್ಲಿ ಹೃದ್ರೋಗದ ಸಂಭವವನ್ನು ಮುಂಚಿತವಾಗಿ ಅಂದಾಜಿಸಲು ಬಳಸುವ ಅಳತೆಗಳು. ದೇಹತೂಕ, ಸೊಂಟದ ಸುತ್ತಳತೆ, ಮೈಯಲ್ಲಿನ ಕೊಬ್ಬಿನ ಪಾಲು, ಅದು ಶೇಖರವಾದ ಜಾಗ, ರಕ್ತದ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಇವುಗಳಲ್ಲಿ ಮುಖ್ಯವಾದವು.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರ ಬೆಲ್ಜಿಯಂನ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆಯದು. 1830ರ ದಶಕದಲ್ಲಿ ಆತ ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ಬೊಜ್ಜಿನ ಗೊಡವೆ ಆತನಿಗಿರಲಿಲ್ಲ. ತೂಕಕ್ಕೂ ಆಯುಸ್ಸಿಗೂ ಗಂಟುಹಾಕಿದವು ಅಮೆರಿಕದ ಜೀವವಿಮಾ ಕಂಪನಿಗಳು. ಅವು ತಯಾರಿಸಿದ ಎತ್ತರ–ತೂಕದ ಪಟ್ಟಿಗಳು ಕ್ರಮೇಣ ವೈದ್ಯರ ಮೇಜಿಗೂ ಬಂದವು. 1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಕೆಟ್ಲೆಯ ಸೂತ್ರಕ್ಕೆ ಬಿಎಂಐ ಎಂದು ಹೆಸರಿಟ್ಟು ಚಲಾವಣೆಗೆ ತಂದರು. ಸುಲಭವೆಂಬ ಒಂದೇ ಕಾರಣಕ್ಕೆ ಅದು ಬೇರೂರಿತೆಂದರೆ ತಪ್ಪಾಗಲಾರದು.

ತೂಕದ ಪಟ್ಟಿಗಳ ಹುಳುಕು ಅದಕ್ಕೂ ಮೂವತ್ತು ವರ್ಷ ಮೊದಲೇ ಬಯಲಾಗಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ಮತ್ತು ಸಹೋದ್ಯೋಗಿ 25 ವೃತ್ತಿಪರ ಫುಟ್‌ಬಾಲ್ ಆಟಗಾರರ ದೇಹಸಾಂದ್ರತೆಯನ್ನು ಅಳೆದ ವರದಿ ಪ್ರಕಟಿಸಿದರು. ವಿಧಾನ ಸರಳ: ಆಸಾಮಿಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ತೂಗುವುದು. ಕೊಬ್ಬು ನೀರಿಗಿಂತ ಹಗುರ, ಸ್ನಾಯು ಭಾರ. ಒಳಗಿನ ತೂಕ, ಹೊರಗಿನ ತೂಕ ಎರಡೂ ಸಿಕ್ಕರೆ ಕೊಬ್ಬಿನ ಪಾಲು ಲೆಕ್ಕಕ್ಕೆ ಬರುತ್ತದೆ. ಪಟ್ಟಿಯ ಪ್ರಕಾರ ಅವರಲ್ಲಿ 17 ಮಂದಿ ಅತಿತೂಕದಿಂದ ಸೇನೆಗೆ ಅನರ್ಹರು. ಹೆಚ್ಚಿನ ತೂಕವೆಲ್ಲ ಸ್ನಾಯುವಿನದಾಗಿತ್ತು.

1947ರಲ್ಲಿ ಮಾರ್ಸೇಯ ವೈದ್ಯ ಜಾನ್ ವಾಗ್ ಇನ್ನೂ ಮುಂದೆ ಹೋದರು. ಮೈಯ ಮೇಲ್ಭಾಗದಲ್ಲಿ ಕೊಬ್ಬು ಸೇರಿದವರಿಗೆ ಸಕ್ಕರೆ ಕಾಯಿಲೆ, ರಕ್ತನಾಳಗಳ ಪೆಡಸುತನ ಹೆಚ್ಚು. ತೊಡೆ, ಪೃಷ್ಠಗಳಲ್ಲಿ ಸೇರಿದವರಿಗೆ ಕಡಿಮೆ ಎಂದು ಅವರು ಬರೆದರು. ಲೇಖನ ಫ್ರೆಂಚಿನಲ್ಲಿತ್ತು, 1956ರಲ್ಲಿ ಇಂಗ್ಲಿಷಿನಲ್ಲಿ ಬರೆದಾಗಲೂ ಹೆಚ್ಚಿನವರು ಕಿವಿಗೊಡಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಅಧ್ಯಯನ ವಾಗ್ ಅವರ ಮಾತನ್ನು ನಿಜಮಾಡಿತು. 1913ರಲ್ಲಿ ಹುಟ್ಟಿದ 792 ಗಂಡಸರನ್ನು 13 ವರ್ಷ ಗಮನಿಸಿದಾಗ, ಹೃದ್ರೋಗದ ಸುಳಿವು ಕೊಟ್ಟದ್ದು ಬಿಎಂಐ ಅಲ್ಲ, ಸೊಂಟ–ನಿತಂಬಗಳ ಸುತ್ತಳತೆಯ ಅನುಪಾತ.

ಇದೇ ಹೊತ್ತಿಗೆ ಜಪಾನಿನ ಒಸಾಕಾದಲ್ಲಿ ಯೂಜಿ ಮಾತ್ಸುಜಾವಾ ಅವರ ತಂಡ ಹೊಕ್ಕುಳ ಮಟ್ಟದಲ್ಲಿ ಸಿಟಿ ಸ್ಕ್ಯಾನ್ ಮಾಡಿ, ಚರ್ಮದಡಿಯ ಕೊಬ್ಬನ್ನೂ ಕರುಳಿನ ಸುತ್ತಲಿನ ಕೊಬ್ಬನ್ನೂ ಬೇರೆಬೇರೆಯಾಗಿ ಅಳೆಯಿತು. ಎರಡನೆಯದು ಸುಲಭವಾಗಿ ಕರಗಿ, ಅದರ ಕೊಬ್ಬಿನಾಮ್ಲಗಳು ನೇರ ಯಕೃತ್ತಿಗೆ ಹೋಗುತ್ತವೆ. ಟ್ರೈಗ್ಲಿಸರೈಡ್ ಏರುತ್ತದೆ, ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, ಇನ್ಸುಲಿನ್ನಿಗೆ ದೇಹ ಬಗ್ಗದಾಗುತ್ತದೆ ಎಂಬುದು ಪ್ರಚಲಿತ ವಿವರಣೆ. ಈ ಲಕ್ಷಣಗಳ ಗುಂಪನ್ನು 1988ರಲ್ಲಿ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದ ಅಮೆರಿಕದ ವೈದ್ಯ ಜೆರಾಲ್ಡ್ ರೀವೆನ್ ಬೊಜ್ಜನ್ನೇ ಅದರಿಂದ ಹೊರಗಿಟ್ಟಿದ್ದರು: ಸಣಕಲರಲ್ಲೂ ಇದು ಕಾಣುತ್ತದಲ್ಲ!

ಭಾರತೀಯರ ಮಟ್ಟಿಗೆ ರೀವೆನ್ ಅವರ ಎಚ್ಚರಿಕೆ ಅಪ್ಪಟ ಸತ್ಯ. 2004ರಲ್ಲಿ ಪುಣೆಯ ಚಿತ್ತರಂಜನ್ ಯಾಜ್ನಿಕ್, ಲಂಡನ್ನಿನ ಜಾನ್ ಯುಡ್ಕಿನ್ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ನಿಕ್ ಮೈಯಲ್ಲಿ ಶೇ. 21.2. ಭಾರತೀಯರ ಈ ಅಪಾಯದ ಬೇರು ಗರ್ಭದಲ್ಲೇ ಇರಬಹುದೆಂಬ ಊಹೆಗೆ ಮೈಸೂರಿನ ದಾಖಲೆಗಳೂ ಇಂಬುಕೊಟ್ಟವು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934–54ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ 1996ರ ವರದಿಯಂತೆ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲೇ ಪರಿಧಮನಿ ಹೃದ್ರೋಗ ಹೆಚ್ಚು.

ಏಷ್ಯನ್ನರಿಗೆ ಬಿಎಂಐ 23ರಿಂದಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಮರುವರ್ಷ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ದಕ್ಷಿಣ ಏಷ್ಯಾದವರ ಸೊಂಟದ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಂದು ಗೊತ್ತುಮಾಡಿತು. ಜಪಾನ್ 2008ರಿಂದ 40–74 ವಯಸ್ಸಿನವರ ಆರೋಗ್ಯ ತಪಾಸಣೆಯಲ್ಲಿ ಸೊಂಟದ ಅಳತೆಯನ್ನು ಸೇರಿಸಿತು. ಅಲ್ಲಿನ ಮಿತಿ ಗಂಡಸರಿಗೆ 85, ಹೆಂಗಸರಿಗೆ 90. ಈ ತಿರುವುಮುರುವು ಟೀಕೆಗೆ ಗುರಿಯಾಯಿತು. 2025ರಲ್ಲಿ ಲ್ಯಾನ್ಸೆಟ್ ಆಯೋಗವು ಬಿಎಂಐ ಒಂದನ್ನೇ ನೆಚ್ಚಿ ಬೊಜ್ಜೆಂದು ನಿರ್ಣಯಿಸಬಾರದು, ಸೊಂಟದ ಅಳತೆ ಅಥವಾ ಕೊಬ್ಬಿನ ನೇರ ಅಳತೆಯೂ ಬೇಕು ಎಂದಿತು. ಬಿಎಂಐ 40 ಮೀರಿದವರಿಗೆ ಮಾತ್ರ ವಿನಾಯಿತಿ.